ಎಪಿ, ಕಮ್ಯುನಿಟಿ ಕಾಲೇಜ್, ಐಬಿ, ಕ್ಲೆಪ್: ಹೈಸ್ಕೂಲಿನಲ್ಲೇ ಕಾಲೇಜ್ ಕ್ರೆಡಿಟ್ ಗಳಿಸಲು ಯಾವ ದಾರಿ ಯಾರಿಗೆ?

ಫೆಬ್ರವರಿ ಬಂತೆಂದರೆ ಅಮೆರಿಕದ ಹೈಸ್ಕೂಲುಗಳಲ್ಲಿ (ಇಲ್ಲಿ 9ರಿಂದ 12ನೇ ತರಗತಿ) ಮುಂದಿನ ವರ್ಷದ ಕೋರ್ಸ್ ಆಯ್ಕೆಯ ಫಾರ್ಮ್ ಮನೆಗೆ ಬರುತ್ತದೆ. ಆ ಎರಡು ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕನ್ನಡ ಕೂಟದ ಪರಿಚಯದವರು, ಅವರ ಪರಿಚಯದವರು, ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಹೈಸ್ಕೂಲಿನಲ್ಲೇ ಕಾಲೇಜ್ ಮಟ್ಟದ ಪಾಠ ಓದುವ ಎಪಿ, ಐಬಿ ಯೋಜನೆಗಳ ಬಗ್ಗೆ, ಇಲ್ಲವೇ ಕಮ್ಯುನಿಟಿ ಕಾಲೇಜ್ ಎಂಬ ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಿನ ಬಗ್ಗೆ. "ಎಪಿ ಎಷ್ಟು ಹಾಕಿಸೋಣ? ಪಕ್ಕದ ಮನೆಯವರ ಮಗ ಆಗಲೇ ಕಮ್ಯುನಿಟಿ ಕಾಲೇಜಿಗೆ ಹೋಗ್ತಿದ್ದಾನಂತೆ, ಅದು ಒಳ್ಳೇದಾ? ಐಬಿ ಇರೋ ಸ್ಕೂಲಿಗೆ ಬದಲಾಯಿಸೋಣ್ವಾ?"

ಊರಲ್ಲಿ ಓದಿ ಬಂದ ನಮಗೆ ಈ ವ್ಯವಸ್ಥೆ ಹೊಸದು. ನಮ್ಮ ಕಾಲದಲ್ಲಿ ಪಿಯುಸಿ ಅಂದರೆ ಪಿಯುಸಿ, ಆಮೇಲೆ ಡಿಗ್ರಿ. ಮೊದಲ ವರ್ಷಕ್ಕೆ ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲುತ್ತಿದ್ದೆವು. ಡಿಪ್ಲೊಮಾ ಮುಗಿಸಿದವರು ಮಾತ್ರ ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಬಿಇ ಎರಡನೇ ವರ್ಷಕ್ಕೆ ಬಂದು ಕೂರುತ್ತಿದ್ದರು, ನೆನಪಿದೆಯಾ? ಇಲ್ಲಿನದ್ದು ಹೆಚ್ಚುಕಡಿಮೆ ಅದೇ ಲೆಕ್ಕ. ಆದರೆ ಇಡೀ ವರ್ಷಕ್ಕೆ ಬದಲು ಒಂದೊಂದು ವಿಷಯದಲ್ಲಿ ಬಿಡಿಬಿಡಿಯಾಗಿ ಆ ಸೌಲಭ್ಯ ಸಿಗುತ್ತದೆ. ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜ್ ಮಟ್ಟದ ಕಲನಶಾಸ್ತ್ರ (ಕ್ಯಾಲ್ಕುಲಸ್) ಓದಿ ಪಾಸಾದರೆ, ಕಾಲೇಜಿಗೆ ಹೋದ ಮೇಲೆ ಅದನ್ನು ಮತ್ತೆ ಓದಬೇಕಿಲ್ಲ.

ನಾನು ಕ್ಯಾಲಿಫೋರ್ನಿಯಾದಲ್ಲಿ ಎರಡು ಮಕ್ಕಳನ್ನು ಈ ದಾರಿಯಲ್ಲಿ ಕಳಿಸಿದ್ದೇನೆ. ಮಗಳು ಪೂರ್ತಿ ಎಪಿ. ಮಗ ಅರ್ಧ ಎಪಿ, ಅರ್ಧ ಕಮ್ಯುನಿಟಿ ಕಾಲೇಜ್. ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು, ಕ್ರೆಡಿಟ್ ಅಂದರೆ ಏನು?

ಗೊಂದಲ ಶುರುವಾಗುವುದೇ ಇಲ್ಲಿ. "ಕ್ರೆಡಿಟ್ ಸಿಗುತ್ತೆ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ.

ಒಂದು, ಡಿಗ್ರಿಗೆ ಬೇಕಾದ ಯೂನಿಟ್ ಲೆಕ್ಕಕ್ಕೆ ಸೇರುವುದು. ಇಲ್ಲಿ ಬ್ಯಾಚುಲರ್ ಡಿಗ್ರಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಯೂನಿಟ್ ಬೇಕು. ಒಂದು ಕೋರ್ಸಿಗೆ ಮೂರೋ ನಾಲ್ಕೋ ಯೂನಿಟ್. ಎರಡು, ಒಂದು ನಿರ್ದಿಷ್ಟ ಕೋರ್ಸನ್ನು ಬಿಟ್ಟು ಮುಂದಿನದಕ್ಕೆ ಹೋಗಲು ಅನುಮತಿ. ಯೂನಿಟ್ ಸಿಗದೆ ಬರೀ ಈ ಅನುಮತಿ ಮಾತ್ರ ಸಿಗುವ ಕಾಲೇಜುಗಳೂ ಇವೆ. ಮೂರು, ಅಡ್ಮಿಷನ್ ಸಮಯದಲ್ಲಿ "ಈ ಹುಡುಗಿ ಕಷ್ಟದ ವಿಷಯ ಓದಿದ್ದಾಳೆ" ಎಂದು ಕಾಣಿಸುವುದು. ಇದಕ್ಕೆ ಕ್ರೆಡಿಟ್ ಸಿಗಲೇಬೇಕೆಂದಿಲ್ಲ.

ನಿಮಗೆ ಬೇಕಾದ್ದು ಈ ಮೂರರಲ್ಲಿ ಯಾವುದು ಎಂದು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ದುಡ್ಡು ಉಳಿಸುವುದಾದರೆ ಮೊದಲನೆಯದು. ಎಂಜಿನಿಯರಿಂಗ್‌ನಲ್ಲಿ ಬೇಗ ಮುಂದಿನ ಮಟ್ಟದ ಗಣಿತಕ್ಕೆ ಹೋಗಬೇಕಾದರೆ ಎರಡನೆಯದು. ಹೆಸರಾದ ಖಾಸಗಿ ಕಾಲೇಜಿನ ಸೀಟಿಗಾದರೆ ಮೂರನೆಯದು. ಒಂದೇ ಕೋರ್ಸ್ ಮೂರನ್ನೂ ಕೊಡಬಹುದು, ಒಂದನ್ನೂ ಕೊಡದೆ ಹೋಗಬಹುದು. ಯಾಕೆಂದರೆ ಕ್ರೆಡಿಟ್ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಮಕ್ಕಳು ನಾಳೆ ಸೇರುವ ಕಾಲೇಜು. ಇವತ್ತು ಪಾಠ ಹೇಳುವ ಸ್ಕೂಲಿನ ಕೈಯಲ್ಲಿ ಅದಿಲ್ಲ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಸುಲಭ.

ಯಾವುದರಿಂದ ಅಳೆಯಬೇಕು?

ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ.

ಮಕ್ಕಳು ಎಲ್ಲಿಗೆ ಹೋಗುವ ಸಾಧ್ಯತೆ ಜಾಸ್ತಿ? ಕನಸಿನ ಕಾಲೇಜನ್ನು ಪಕ್ಕಕ್ಕಿಡಿ, ಸಾಧ್ಯತೆಯ ಬಗ್ಗೆ ಕೇಳುತ್ತಿದ್ದೇನೆ. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೋ, ಹೊರ ರಾಜ್ಯವೋ, ಖಾಸಗಿಯೋ?

ಅವರು ಹೇಗೆ ಓದುವವರು? ವರ್ಷವಿಡೀ ಆರಾಮಾಗಿದ್ದು ಕೊನೆಗೆ ಒಂದು ಪರೀಕ್ಷೆಯಲ್ಲಿ ಹೊಡೆಯುವವರೋ, ಪ್ರತಿ ವಾರ ಹೋಮ್‌ವರ್ಕ್ ಒಪ್ಪಿಸುತ್ತಾ ನಿಧಾನಕ್ಕೆ ಕಟ್ಟಿಕೊಳ್ಳುವವರೋ?

ಎಡವಿದರೆ ಆ ಕಲೆ ಎಷ್ಟು ದಿನ ಉಳಿಯುತ್ತದೆ? ಇದನ್ನು ತುಂಬಾ ಜನ ಕೇಳುವುದೇ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಕೊನೆಗೆ ಖರ್ಚು. ಇದರಲ್ಲಿ ಫೀಸು ಮಾತ್ರ ಅಲ್ಲ, ಪುಸ್ತಕ, ಕಾರಿನಲ್ಲಿ ಕರೆದುಕೊಂಡು ಹೋಗಿ ಬರುವುದು, ಮಕ್ಕಳ ನಿದ್ದೆ, ಎಲ್ಲವೂ ಸೇರಿದೆ.

ಎಪಿ: ಎಲ್ಲರಿಗೂ ಗೊತ್ತಿರುವ ದಾರಿ

ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎನ್ನುವುದು ಕಾಲೇಜ್ ಬೋರ್ಡ್ 1950ರ ದಶಕದಿಂದ ನಡೆಸುತ್ತಿರುವ ಯೋಜನೆ. ಕಾಲೇಜ್ ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ನಡೆಸುವುದೂ ಅದೇ ಸಂಸ್ಥೆ. ಹೈಸ್ಕೂಲಿನ ಟೀಚರೇ ಪಾಠ ಮಾಡುತ್ತಾರೆ. ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಅಂಕ 1ರಿಂದ 5. ಫಲಿತಾಂಶ ಜುಲೈನಲ್ಲಿ. 2025ರಲ್ಲಿ ಒಂದು ಪರೀಕ್ಷೆಗೆ ಶುಲ್ಕ 99 ಡಾಲರ್ ಇತ್ತು. ಆದಾಯ ಕಡಿಮೆ ಇರುವ ಕುಟುಂಬಗಳಿಗೆ ರಿಯಾಯಿತಿ ಇದೆ.

ಇದರ ದೊಡ್ಡ ಬಲ ಎಂದರೆ ಎಲ್ಲ ರಾಜ್ಯಗಳಲ್ಲೂ ಇದರ ಬೆಲೆ ಗೊತ್ತು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬರೆದರೂ ಸಿಯಾಟಲ್‌ನಲ್ಲಿ ಬರೆದರೂ 5 ಎಂದರೆ 5. ಕೆಲಸದ ಕಾರಣಕ್ಕೆ ರಾಜ್ಯ ಬದಲಾಯಿಸುತ್ತಲೇ ಇರುವ ನಮ್ಮ ಐಟಿ ಕುಟುಂಬಗಳಿಗೆ ಇದು ಸಣ್ಣ ಅನುಕೂಲವಲ್ಲ.

ಎರಡನೇ ಬಲದ ಬಗ್ಗೆ ಅಷ್ಟಾಗಿ ಯಾರೂ ಮಾತಾಡುವುದಿಲ್ಲ. ಪರೀಕ್ಷೆ ಕೆಟ್ಟರೆ ಆ ಅಂಕವನ್ನು ಕಾಲೇಜಿಗೆ ಕಳಿಸದೆ ಇರಬಹುದು. ಕ್ಲಾಸಿನ ಗ್ರೇಡ್ ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ಇರುತ್ತದೆ, ಅದು ಬೇರೆ ಮಾತು. ಪರೀಕ್ಷೆಯ 2 ಮಾತ್ರ ಮನೆಯಲ್ಲೇ ಉಳಿಯುತ್ತದೆ. ನನ್ನ ಮಗಳಿಗೆ ಫಿಸಿಕ್ಸ್ 1 ಎಂಬ ಎಪಿ ಪರೀಕ್ಷೆಯಲ್ಲಿ 2 ಬಂತು. ಎರಡು ದಿನ ಅತ್ತಳು. ಆ ಅಂಕ ಯಾವ ಕಾಲೇಜಿಗೂ ಹೋಗಲಿಲ್ಲ, ಅವಳ ಭವಿಷ್ಯಕ್ಕೆ ಏನೂ ಆಗಲಿಲ್ಲ.

ಈಗ ಕ್ರೆಡಿಟ್ ವಿಷಯ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳು 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯೂನಿಟ್ ಕೊಡುತ್ತವೆ. ಆದರೆ ಆ ಯೂನಿಟ್ ನಿಮ್ಮ ಮೇಜರ್‌ನ (ಡಿಗ್ರಿಯ ಮುಖ್ಯ ವಿಷಯದ) ಕೋರ್ಸಿನ ಬದಲು ನಡೆಯುತ್ತದೋ ಇಲ್ಲವೋ ಎನ್ನುವುದು ಆಯಾ ಕ್ಯಾಂಪಸ್, ಆಯಾ ವಿಭಾಗದ ನಿರ್ಧಾರ. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳು ಸಾಮಾನ್ಯವಾಗಿ 3ಕ್ಕೇ ಕ್ರೆಡಿಟ್ ಕೊಡಬೇಕೆಂದು 2015ರ ಕಾನೂನು ಹೇಳುತ್ತದೆ. ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ ಸಾಮಾನ್ಯವಾಗಿ 4 ಬೇಕು.

ಖಾಸಗಿ ಕಾಲೇಜುಗಳ ಕಥೆಯೇ ಬೇರೆ. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ. ಡಾರ್ಟ್‌ಮತ್ ನಿಲ್ಲಿಸಿ ಎಷ್ಟೋ ವರ್ಷವಾಯಿತು. ಬ್ರೌನ್‌ನಲ್ಲಿ ಎಪಿ ಡಿಗ್ರಿ ಲೆಕ್ಕಕ್ಕೆ ಸೇರುವುದಿಲ್ಲ. ಎಂಐಟಿ, ಕ್ಯಾಲ್ಕುಲಸ್ ಬಿ.ಸಿ. ಎಂಬ ಮೇಲ್ಮಟ್ಟದ ಎಪಿ ಪರೀಕ್ಷೆಯಲ್ಲಿ 5 ಬಂದರೆ ಮೊದಲ ಕ್ಯಾಲ್ಕುಲಸ್ ಕೋರ್ಸಿಗೆ ಕ್ರೆಡಿಟ್ ಕೊಡುತ್ತದೆ, ಆದರೆ ತುಂಬಾ ವಿಷಯಗಳಿಗೆ ಕೊಡುವುದಿಲ್ಲ. ಹಾಗಾಗಿ "ಹತ್ತು ಎಪಿ ಮಾಡಿದರೆ ಒಂದು ವರ್ಷ ಉಳಿಯುತ್ತೆ" ಎಂಬ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಅಂಥ ಕಾಲೇಜುಗಳ ಮಟ್ಟಿಗೆ ಎಪಿ ಎಂದರೆ ಅಡ್ಮಿಷನ್‌ಗೆ ತೋರಿಸುವ ಶ್ರಮ, ಅಷ್ಟೆ.

ಕೊರತೆ? ಇಡೀ ವರ್ಷದ ಓದು ಮೂರು ಗಂಟೆಯ ಮೇಲೆ ನಿಲ್ಲುತ್ತದೆ. ಆ ದಿನ ಜ್ವರ ಬಂದರೆ, ತಲೆ ಖಾಲಿಯಾದರೆ, ಕ್ಲಾಸಿನಲ್ಲಿ ಎ ಬಂದಿದ್ದರೂ ಕ್ರೆಡಿಟ್ ಇಲ್ಲ.

ಡ್ಯುಯಲ್ ಎನ್‌ರೋಲ್‌ಮೆಂಟ್: ನಿಜವಾದ ಕಾಲೇಜು, ನಿಜವಾದ ಗ್ರೇಡು

ಹೈಸ್ಕೂಲಿನಲ್ಲಿ ಓದುತ್ತಲೇ ಕಮ್ಯುನಿಟಿ ಕಾಲೇಜಿನ ಕೋರ್ಸ್ ಮಾಡುವುದು. ಕಾಲೇಜಿಗೇ ಹೋಗಬಹುದು, ಆನ್‌ಲೈನ್ ಇರಬಹುದು, ಇಲ್ಲವೇ ಕಾಲೇಜಿನ ಕೋರ್ಸ್ ನಿಮ್ಮ ಹೈಸ್ಕೂಲಿಗೇ ಬರಬಹುದು. ಪಾಸಾದರೆ ಆಯಿತು, ಆ ಕಾಲೇಜಿನ ಕ್ರೆಡಿಟ್ ಆಗಲೇ ಕೈಯಲ್ಲಿದೆ. ಬೇರೆ ಪರೀಕ್ಷೆ ಇಲ್ಲ.

ಮಿನೆಸೋಟಾ 1985ರಲ್ಲೇ ಇದನ್ನು ರಾಜ್ಯದ ಯೋಜನೆಯಾಗಿ ಶುರುಮಾಡಿತು. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್‌ನಲ್ಲಿ 11 ಮತ್ತು 12ನೇ ತರಗತಿಯವರು ಬೋಧನಾ ಶುಲ್ಕವಿಲ್ಲದೆ ಕಮ್ಯುನಿಟಿ ಕಾಲೇಜಿಗೆ ಹೋಗಬಹುದು. ಪುಸ್ತಕ, ಓಡಾಟ, ಕೆಲವು ಸಣ್ಣ ಶುಲ್ಕಗಳು ಮನೆಯವರದ್ದು. ಓಹಾಯೋದಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್ ಎಂಬ ಇಂಥದ್ದೇ ಯೋಜನೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನ ಶುಲ್ಕ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್. ಹೈಸ್ಕೂಲ್ ಮಕ್ಕಳಿಗೆ ಅದನ್ನೂ ಸಾಮಾನ್ಯವಾಗಿ ಬಿಡುತ್ತಾರೆ. ಹಾಗೆ ನೋಡಿದರೆ ನಾಲ್ಕರಲ್ಲಿ ಅತಿ ಅಗ್ಗದ ದಾರಿ ಇದೇ. ಎಚ್-4 ವೀಸಾದ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಮೇಲಿರುವ ಮಕ್ಕಳಾದರೆ ಸೇರುವ ಮುಂಚೆ ಕಾಲೇಜಿನ ಅಡ್ಮಿಷನ್ ಆಫೀಸಿನಲ್ಲಿ ನಿವಾಸಿ ಲೆಕ್ಕದ ಬಗ್ಗೆ ಕೇಳಿಕೊಳ್ಳಿ. ಈ ಮಕ್ಕಳಿಗೆ ಮುಂದೆ ಫೆಡರಲ್ ಸಹಾಯಧನ ಸಿಗುವುದಿಲ್ಲ. ಅದಕ್ಕೇ ಅವರಿಗೆ ಈ ಉಳಿತಾಯ ಎಲ್ಲರಿಗಿಂತ ಹೆಚ್ಚು ಮುಖ್ಯ.

ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಅನುಕೂಲ ಅಸಿಸ್ಟ್ ಎಂಬ ಸರ್ಕಾರಿ ವೆಬ್‌ಸೈಟ್. ನಿಮ್ಮ ಕಮ್ಯುನಿಟಿ ಕಾಲೇಜಿನ ಹೆಸರು ಕೊಡಿ, ಹೋಗಬೇಕೆಂದಿರುವ ಯುಸಿ ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ ಹೆಸರು ಕೊಡಿ, ಮೇಜರ್ ಆರಿಸಿ. ಪುಟದ ಎಡಗಡೆ ವಿಶ್ವವಿದ್ಯಾಲಯದ ಕೋರ್ಸ್, ಬಲಗಡೆ ಅದಕ್ಕೆ ಸಮನಾದ ಕಮ್ಯುನಿಟಿ ಕಾಲೇಜಿನ ಕೋರ್ಸ್. ಸಮನಾದದ್ದು ಇಲ್ಲದಿದ್ದರೆ ಇಲ್ಲವೆಂದೇ ಬರೆದಿರುತ್ತದೆ. ನಾನೂ ಮಗನೂ ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಮೂರು ಕ್ಯಾಂಪಸ್‌ಗಳ ಪುಟ ತೆಗೆದು ನೋಡಿದೆವು. ಅವನು ಮಾಡಬೇಕೆಂದಿದ್ದ ಪ್ರೋಗ್ರಾಮಿಂಗ್ ಕೋರ್ಸ್ ಒಂದು ಕ್ಯಾಂಪಸ್‌ನಲ್ಲಿ ಮೇಜರ್‌ಗೆ ನಡೆಯುತ್ತಿತ್ತು, ಇನ್ನೊಂದರಲ್ಲಿ ಬಲಗಡೆ ಖಾಲಿ. ಒಂದು ಗಂಟೆಯ ಕೆಲಸ. ಕೋರ್ಸಿಗೆ ಸೇರಿದ ಮೇಲಲ್ಲ, ಸೇರುವ ಮುಂಚೆ ಮಾಡಿ.

ಟೆಕ್ಸಸ್‌ನಲ್ಲಿರುವವರಿಗೆ: ಅಲ್ಲಿನ ಸರ್ಕಾರಿ ಕಾಲೇಜುಗಳಿಗೆಲ್ಲ 42 ಯೂನಿಟ್ಟಿನ ಕೋರ್ ಪಠ್ಯ ಇದೆ. ಆ ಪಟ್ಟಿಯೊಳಗಿನ ಕೋರ್ಸ್ ಒಂದು ಸರ್ಕಾರಿ ಕಾಲೇಜಿನಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ಡ್ಯುಯಲ್ ಕ್ರೆಡಿಟ್ (ಡ್ಯುಯಲ್ ಎನ್‌ರೋಲ್‌ಮೆಂಟ್‌ಗೆ ಅಲ್ಲಿನ ಹೆಸರು) ತೆಗೆದುಕೊಳ್ಳುವುದಾದರೆ ಆ ಪಟ್ಟಿಯೊಳಗಿನದ್ದನ್ನೇ ತೆಗೆದುಕೊಳ್ಳಿ.

ಇನ್ನು ಎಚ್ಚರ ವಹಿಸಬೇಕಾದ ಜಾಗಗಳು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾವು ಎಡವಿದ್ದು ಇಲ್ಲೇ.

ಮಗ 10ನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಆನ್‌ಲೈನ್ ಸೈಕಾಲಜಿ ತೆಗೆದುಕೊಂಡ. ಸೆಮಿಸ್ಟರ್‌ನಲ್ಲಿ 16 ವಾರ ನಡೆಯುವ ಪಾಠ ಬೇಸಿಗೆಯಲ್ಲಿ 6 ವಾರಕ್ಕೆ ಮುಗಿಯುತ್ತದೆ. ಅಂದರೆ ಒಂದು ವಾರದಲ್ಲಿ ಹೆಚ್ಚುಕಡಿಮೆ ಮೂರು ವಾರದ ಓದು. ಅದೇ ಸಮಯಕ್ಕೆ ಮೈಸೂರಿನಲ್ಲಿ ನನ್ನ ತಂಗಿಯ ಮಗಳ ಮದುವೆ. "ಆನ್‌ಲೈನ್ ತಾನೇ, ಎಲ್ಲಿಂದಾದರೂ ಮಾಡಬಹುದು" ಎಂದುಕೊಂಡು ಹೊರಟೆವು. ಕ್ಯಾಲಿಫೋರ್ನಿಯಾದ ರಾತ್ರಿ 11:59ರ ಗಡುವು ಎಂದರೆ ನಮ್ಮೂರಿನಲ್ಲಿ ಮರುದಿನ ಮಧ್ಯಾಹ್ನ 12:29. ಕಲ್ಯಾಣ ಮಂಟಪದಲ್ಲಿ ಧಾರೆ ಮುಗಿದು ಎಲ್ಲರೂ ಅಕ್ಷತೆ ಹಾಕಲು ಎದ್ದಾಗ, ಇವನು ಊಟದ ಹಾಲ್‌ನ ಮೂಲೆಯಲ್ಲಿ ರೇಷ್ಮೆ ಪಂಚೆ ಉಟ್ಟುಕೊಂಡು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಉತ್ತರ ಟೈಪ್ ಮಾಡುತ್ತಿದ್ದ. ಮೊಬೈಲ್ ಡೇಟಾ ಕೈಕೊಟ್ಟಿತು. ಒಂದು ಕ್ವಿಜ್ ತಪ್ಪಿತು. ಮುಂದಿನ ವಾರ ಜ್ವರ ಬಂದು ಇನ್ನೊಂದು ತಪ್ಪಿತು. ಕೋರ್ಸ್ ಬಿಡುವ ಕೊನೆಯ ದಿನಾಂಕ ನಮಗೆ ನೆನಪಾಗುವಷ್ಟರಲ್ಲಿ ದಾಟಿ ಹೋಗಿತ್ತು. ಕೊನೆಗೆ ಬಂದದ್ದು ಸಿ.

ಆ ಸಿ ಅವನ ಕಾಲೇಜ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಶಾಶ್ವತವಾಗಿ ಉಳಿದಿದೆ. ಎಪಿಯ 2 ಅಂಕದಂತೆ ಮುಚ್ಚಿಡಲು ಬರುವುದಿಲ್ಲ. ಅಡ್ಮಿಷನ್ ಅರ್ಜಿಯಲ್ಲಿ ತೋರಿಸಲೇಬೇಕು. ಮುಂದೆ ಡಾಕ್ಟರ್ ಆಗಬೇಕೆಂದಿರುವ ಮಕ್ಕಳ ತಂದೆ ತಾಯಿ ಇದನ್ನು ಗಮನಿಸಿ: ಇಲ್ಲಿನ ಮೆಡಿಕಲ್ ಕಾಲೇಜುಗಳ ಅರ್ಜಿ ವ್ಯವಸ್ಥೆ ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜ್ ಕೋರ್ಸುಗಳ ಗ್ರೇಡನ್ನೂ ಕೇಳುತ್ತದೆ, ಜಿಪಿಎ ಲೆಕ್ಕಕ್ಕೂ ಸೇರಿಸುತ್ತದೆ. 15 ವರ್ಷದಲ್ಲಿ ಬಂದ ಗ್ರೇಡನ್ನು 22ನೇ ವಯಸ್ಸಿನಲ್ಲಿ ಮತ್ತೆ ಎದುರಿಸಬೇಕಾಗುತ್ತದೆ. ಮೆಡಿಕಲ್ ಆಸೆ ಇರುವವರು ಕಮ್ಯುನಿಟಿ ಕಾಲೇಜಿನಲ್ಲಿ ಬಯಾಲಜಿ, ಕೆಮಿಸ್ಟ್ರಿ ಮಾಡುವ ಮುಂಚೆ ಎರಡು ಸಲ ಯೋಚಿಸಲಿ ಎಂದೇ ನನ್ನ ಸಲಹೆ.

ಇನ್ನೊಂದು, ಫೆರ್ಪಾ ಎಂಬ ಕಾನೂನಿದೆ. ಕಾಲೇಜಿಗೆ ಸೇರಿದ ಮೇಲೆ, ವಯಸ್ಸು ಎಷ್ಟೇ ಇರಲಿ, ಅಲ್ಲಿನ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದ್ದು. ನಾವು ಪ್ರೊಫೆಸರ್‌ಗೆ ಫೋನ್ ಮಾಡಿ "ನನ್ನ ಮಗ ಹೇಗೆ ಓದ್ತಿದ್ದಾನೆ" ಎಂದು ಕೇಳಿದರೆ ಉತ್ತರ ಸಿಗುವ ಭರವಸೆ ಇಲ್ಲ. ಪೇರೆಂಟ್-ಟೀಚರ್ ಮೀಟಿಂಗ್ ಇರುವುದಿಲ್ಲ. ಇ-ಮೇಲ್ ಬರೆಯುವುದು, ಆಫೀಸ್ ಅವರ್ಸ್‌ಗೆ ಹೋಗುವುದು, ಗಡುವು ನೆನಪಿಡುವುದು, ಎಲ್ಲವನ್ನೂ ಮಕ್ಕಳೇ ಮಾಡಬೇಕು. ಅದನ್ನು ಮಾಡುವ ಮಕ್ಕಳು ಇಲ್ಲಿ ಅರಳುತ್ತಾರೆ. ಹೈಸ್ಕೂಲಿನಲ್ಲಿ ಸುಮ್ಮನೆ ಕೂರುತ್ತಿದ್ದ ಹುಡುಗಿಯರು ಕಾಲೇಜಿನಲ್ಲಿ 40 ವರ್ಷದ ಸಹಪಾಠಿಗಳ ಜೊತೆ ಕೂತು ಚರ್ಚೆ ಮಾಡಿ ಬಂದದ್ದನ್ನು ನಾನೇ ಕಂಡಿದ್ದೇನೆ.

ಯೂನಿಟ್ ಲೆಕ್ಕದಲ್ಲೂ ಒಂದು ತೊಡಕಿದೆ. ಕೂಪರ್ಟಿನೋದ ಡಿ ಆ್ಯಂಜಾ ಕಾಲೇಜು ಕ್ವಾರ್ಟರ್ ಪದ್ಧತಿಯದ್ದು, ಅಂದರೆ ವರ್ಷವನ್ನು ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಾಗಿ ಒಡೆಯುವಂಥದ್ದು. ಅಲ್ಲಿ ಕ್ಯಾಲ್ಕುಲಸ್ ನಾಲ್ಕು ಕ್ವಾರ್ಟರ್‌ಗೆ ಹರಡಿದೆ. ಮೊದಲೆರಡನ್ನು ಮಾತ್ರ ಮುಗಿಸಿ ಸೆಮಿಸ್ಟರ್ ಪದ್ಧತಿಯ ವಿಶ್ವವಿದ್ಯಾಲಯಕ್ಕೆ ಹೋದರೆ ಎಲ್ಲಿಂದ ಶುರುಮಾಡಬೇಕೆಂಬ ಗೊಂದಲ ಏಳುತ್ತದೆ. ಸರಣಿ ಕೋರ್ಸ್ ಹಿಡಿದರೆ ಪೂರ್ತಿ ಮುಗಿಸಿ, ಇಲ್ಲದಿದ್ದರೆ ಒಂಟಿ ಕೋರ್ಸುಗಳನ್ನೇ ತೆಗೆದುಕೊಳ್ಳಿ.

ಖಾಸಗಿ ಕಾಲೇಜುಗಳಲ್ಲಿ ಹಲವು, ಹೈಸ್ಕೂಲ್ ಪದವಿಯ ಲೆಕ್ಕಕ್ಕೆ ಬಳಸಿದ ಅಥವಾ ಹೈಸ್ಕೂಲ್ ಕಟ್ಟಡದಲ್ಲೇ ನಡೆದ ಕೋರ್ಸಿಗೆ ಕ್ರೆಡಿಟ್ ಕೊಡುವುದಿಲ್ಲ. ಹೊರ ರಾಜ್ಯಕ್ಕೆ ಹೋಗುವವರು ಕೋರ್ಸಿನ ಸಿಲಬಸ್ ಪಿಡಿಎಫ್ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ "ಇದರಲ್ಲಿ ಏನು ಕಲಿಸಿದರು?" ಎಂದು ಕೇಳಿದಾಗ ಕೊಡಲು ಬೇಕಾಗುತ್ತದೆ.

"ಇಷ್ಟೊಂದು ಯೂನಿಟ್ ಆದರೆ ಟ್ರಾನ್ಸ್‌ಫರ್ ವಿದ್ಯಾರ್ಥಿ ಅಂತ ಪರಿಗಣಿಸಿಬಿಡ್ತಾರಾ?" ಎಂದು ತುಂಬಾ ಜನ ಹೆದರುತ್ತಾರೆ. ಯುಸಿಯಲ್ಲಿ ಹಾಗಿಲ್ಲ. ಹೈಸ್ಕೂಲ್ ಮುಗಿಯುವ ಮುಂಚೆ ಗಳಿಸಿದ ಯೂನಿಟ್ ಎಷ್ಟೇ ಇದ್ದರೂ ಫ್ರೆಶ್‌ಮನ್ (ಮೊದಲ ವರ್ಷದ ವಿದ್ಯಾರ್ಥಿ) ಆಗಿಯೇ ಅರ್ಜಿ ಹಾಕಬೇಕು.

ಐಬಿ: ಪೂರ್ತಿ ಮನೆಯೂಟ

ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ 1968ರಲ್ಲಿ ಜಿನೀವಾದಲ್ಲಿ ಶುರುವಾಯಿತು. ಎಪಿಯಲ್ಲಿ ಬೇಕಾದ ಪಲ್ಯ ಮಾತ್ರ ಬಡಿಸಿಕೊಳ್ಳಬಹುದು. ಐಬಿ ಡಿಪ್ಲೊಮಾದಲ್ಲಿ ಎಲೆಯ ತುಂಬಾ ಬಡಿಸುತ್ತಾರೆ, ಎಲ್ಲವನ್ನೂ ಊಟ ಮಾಡಬೇಕು. ಎರಡು ವರ್ಷ, ಆರು ವಿಷಯ. ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್, ಮೂರು ಸ್ಟ್ಯಾಂಡರ್ಡ್ ಲೆವೆಲ್. ಜೊತೆಗೆ ಜ್ಞಾನ ಎಂದರೇನು ಎಂದು ಚರ್ಚಿಸುವ ಒಂದು ಕೋರ್ಸ್, 4,000 ಪದಗಳವರೆಗಿನ ಸಂಶೋಧನಾ ಪ್ರಬಂಧ, ಕಲೆ-ಆಟ-ಸೇವೆಯ ಚಟುವಟಿಕೆ. ಪ್ರತಿ ವಿಷಯಕ್ಕೆ 7 ಅಂಕ, ಜ್ಞಾನದ ಆ ಕೋರ್ಸಿಗೂ ಪ್ರಬಂಧಕ್ಕೂ ಸೇರಿ 3, ಒಟ್ಟು 45.

ಕ್ರೆಡಿಟ್ ದೃಷ್ಟಿಯಿಂದ ನೋಡಿದರೆ ಹೆಚ್ಚಿನ ಕಾಲೇಜುಗಳು ಹೈಯರ್ ಲೆವೆಲ್ ಅಂಕಗಳಿಗೆ ಮಾತ್ರ ಬೆಲೆ ಕೊಡುತ್ತವೆ. ಅಷ್ಟೇ ಕಷ್ಟಪಟ್ಟು ಓದಿದ ಸ್ಟ್ಯಾಂಡರ್ಡ್ ಲೆವೆಲ್ ವಿಷಯಕ್ಕೆ ಎಷ್ಟೋ ಕಡೆ ಏನೂ ಸಿಗುವುದಿಲ್ಲ. ಪೂರ್ತಿ ಡಿಪ್ಲೊಮಾ ಮಾಡಿದವರಿಗೆ ಮಾತ್ರ ಕೆಲವು ರಾಜ್ಯಗಳಲ್ಲಿ ಒಳ್ಳೆಯ ಲಾಭ ಇದೆ. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳು ಪ್ರತಿ ಪರೀಕ್ಷೆಯಲ್ಲೂ 4 ಅಥವಾ ಹೆಚ್ಚು ಬಂದ ಡಿಪ್ಲೊಮಾಗೆ ಕನಿಷ್ಠ 24 ಸೆಮಿಸ್ಟರ್ ಯೂನಿಟ್ ಕೊಡಬೇಕು. ಯುಸಿಯಲ್ಲಿ ಒಟ್ಟು 30 ಅಥವಾ ಹೆಚ್ಚು ಅಂಕದ ಡಿಪ್ಲೊಮಾಗೆ 30 ಕ್ವಾರ್ಟರ್ ಯೂನಿಟ್, ಅಂದರೆ 20 ಸೆಮಿಸ್ಟರ್ ಯೂನಿಟ್.

ಬರೀ ಕ್ರೆಡಿಟ್‌ಗೋಸ್ಕರ ಐಬಿ ಬೇಡ. ಬರೆಯುವುದು, ವಾದಿಸುವುದು, ಓದಿ ಜಗಳವಾಡುವುದು ಇಷ್ಟವಾದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ. ಇಂಗ್ಲೆಂಡ್, ಕೆನಡಾ, ಯುರೋಪಿನ ವಿಶ್ವವಿದ್ಯಾಲಯಗಳಿಗೆ ಹೋಗಬಹುದಾದವರಿಗೂ ಸರಿ, ಬೆಂಗಳೂರಿನಲ್ಲೂ ಐಬಿ ಶಾಲೆಗಳಿರುವುದರಿಂದ ಮಧ್ಯದಲ್ಲಿ ಊರಿಗೆ ವಾಪಸ್ ಹೋಗಬಹುದಾದ ಕುಟುಂಬಗಳಿಗೂ ಸರಿ. ಗಣಿತ, ಕಂಪ್ಯೂಟರ್ ಎರಡೇ ಸಾಕು ಎನ್ನುವ ಮಕ್ಕಳನ್ನು ಇದಕ್ಕೆ ತಳ್ಳಿದರೆ ಎರಡು ವರ್ಷ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ.

ಕ್ಲೆಪ್: ಒಂದೂವರೆ ಗಂಟೆಯ ಪರೀಕ್ಷೆ

ಪೂರ್ತಿ ಹೆಸರು ಕಾಲೇಜ್ ಲೆವೆಲ್ ಎಕ್ಸಾಮಿನೇಷನ್ ಪ್ರೋಗ್ರಾಂ, ಇದನ್ನೂ ಕಾಲೇಜ್ ಬೋರ್ಡೇ ನಡೆಸುತ್ತದೆ. ಕ್ಲಾಸಿಲ್ಲ, ಟೀಚರಿಲ್ಲ. ನೀವೇ ಓದಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಕಂಪ್ಯೂಟರ್ ಮೇಲೆ ಬರೆಯುವುದು. 34 ವಿಷಯಗಳಿವೆ. 20ರಿಂದ 80ರ ಅಳತೆಯಲ್ಲಿ ಸಾಮಾನ್ಯವಾಗಿ 50 ಬಂದರೆ ಪಾಸ್. ಶುಲ್ಕ ನೂರು ಡಾಲರ್ ಆಸುಪಾಸು, ಕೇಂದ್ರದವರ ಶುಲ್ಕ ಬೇರೆ. ಮಾಡರ್ನ್ ಸ್ಟೇಟ್ಸ್ ಎಂಬ ಲಾಭರಹಿತ ಸಂಸ್ಥೆ ಉಚಿತವಾಗಿ ಪಾಠ ಹೇಳಿಕೊಟ್ಟು, ಕೋರ್ಸ್ ಮುಗಿಸಿದವರಿಗೆ ಪರೀಕ್ಷೆಯ ವೋಚರ್ ಕೂಡ ಕೊಡುತ್ತದೆ.

ಆದರೆ ಯುಸಿ ಕ್ಯಾಂಪಸ್‌ಗಳು ಕ್ಲೆಪ್‌ಗೆ ಕ್ರೆಡಿಟ್ ಕೊಡುವುದಿಲ್ಲ. ಪೈಪೋಟಿಯ ಖಾಸಗಿ ಕಾಲೇಜುಗಳೂ ಸಾಮಾನ್ಯವಾಗಿ ಕೊಡುವುದಿಲ್ಲ. ಅಡ್ಮಿಷನ್‌ನಲ್ಲಿ ಇದಕ್ಕೆ ಅಷ್ಟು ತೂಕವೂ ಇಲ್ಲ. ಕ್ಲೆಪ್ ಒಪ್ಪುವ ಸರ್ಕಾರಿ ಕಾಲೇಜಿನಲ್ಲಿ ಸೀಟು ಖಚಿತವಾದ ಮೇಲೆ, 12ನೇ ತರಗತಿಯ ಕೊನೆಯ ಬೇಸಿಗೆಯಲ್ಲಿ ಒಂದೆರಡು ಸಾಮಾನ್ಯ ವಿಷಯ ಮುಗಿಸಿಕೊಳ್ಳಲು ಚೆನ್ನಾಗಿದೆ. ಮನೆಯಲ್ಲೇ ಓದುವ ಹೋಮ್‌ಸ್ಕೂಲ್ ಮಕ್ಕಳಿಗೂ ಅನುಕೂಲ.

ಕನ್ನಡಕ್ಕೂ ಕ್ರೆಡಿಟ್

ಇದು ಗೊತ್ತಿಲ್ಲದವರು ತುಂಬಾ ಜನ, ಹೇಳಲು ನನಗೆ ಖುಷಿ. ಹೈಸ್ಕೂಲ್ ಮುಗಿಸುವಾಗ ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯಲ್ಲೂ ಪರಿಣತಿ ತೋರಿಸಿದವರ ಹೈಸ್ಕೂಲ್ ಡಿಪ್ಲೊಮಾ (ಪದವಿ ಪತ್ರ) ಮೇಲೆ ಸೀಲ್ ಆಫ್ ಬೈಲಿಟರಸಿ ಎಂಬ ಮುದ್ರೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಇದು ಈಗ ದೇಶದ ಉದ್ದಗಲಕ್ಕೂ ಇದೆ. ಅವಾಂಟ್ ಸಂಸ್ಥೆ ನಡೆಸುವ ಬರವಣಿಗೆ ಮತ್ತು ಮಾತಿನ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಭಾನುವಾರದ ಕನ್ನಡ ಶಾಲೆಗೆ ಮುನಿಸಿಕೊಂಡೇ ಹೋಗುತ್ತಿದ್ದ ಮಕ್ಕಳಿಗೆ ಅದರ ಫಲ ಇಲ್ಲಿ ಕಾಣುತ್ತದೆ.

ಮುದ್ರೆ ಸಿಕ್ಕಿದ ಕೂಡಲೇ ಎಲ್ಲ ಕಡೆ ಕ್ರೆಡಿಟ್ ಬರುವುದಿಲ್ಲ. ಇಲಿನಾಯ್‌ನ ಸರ್ಕಾರಿ ಕಾಲೇಜುಗಳು ಇದನ್ನು ಭಾಷಾ ಕ್ರೆಡಿಟ್‌ಗೆ ಬದಲಾಯಿಸುವ ನಿಯಮ ಇಟ್ಟುಕೊಂಡಿರಬೇಕೆಂದು ಅಲ್ಲಿನ ಕಾನೂನಿದೆ. ಮಿನೆಸೋಟಾದಲ್ಲೂ ಇಂಥದ್ದೇ ಕಾನೂನಿದೆ. ಷಿಕಾಗೋ, ಮಿನಿಯಾಪೊಲಿಸ್ ಕಡೆಯ ಕನ್ನಡಿಗರು ಇದನ್ನು ಬಿಡಬೇಡಿ. ಬೇರೆ ರಾಜ್ಯದವರು ಸ್ಕೂಲ್ ಕೌನ್ಸೆಲರ್ ಬಳಿ "ಕನ್ನಡ ಪರೀಕ್ಷೆ ಬರೆಸುತ್ತೀರಾ" ಎಂದು ನೇರವಾಗಿ ಕೇಳಿ. ಕೇಳದೆ ಅವರಾಗಿ ಹೇಳುವುದು ಕಡಿಮೆ.

ದುಡ್ಡು ನಿಜವಾಗಿ ಯಾವಾಗ ಉಳಿಯುತ್ತದೆ?

ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಫುಲ್‌ಟೈಮ್ ವಿದ್ಯಾರ್ಥಿ 12 ಯೂನಿಟ್ ಓದಿದರೂ 18 ಓದಿದರೂ ಫೀಸು ಒಂದೇ. ಅಂಥ ಕಡೆ ನಾಲ್ಕೈದು ಕ್ರೆಡಿಟ್ ತಂದ ಮಾತ್ರಕ್ಕೆ ಒಂದು ಡಾಲರೂ ಉಳಿಯುವುದಿಲ್ಲ. ಉಳಿಯುವುದು ಒಂದು ಪೂರ್ತಿ ಸೆಮಿಸ್ಟರ್ ಅಥವಾ ವರ್ಷ ಕಡಿಮೆಯಾದಾಗ ಮಾತ್ರ. ಯುಸಿಯಲ್ಲಿ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಬೋಧನಾ ಶುಲ್ಕವೇ ವರ್ಷಕ್ಕೆ ಸುಮಾರು 15 ಸಾವಿರ ಡಾಲರ್. ವಸತಿ, ಊಟ ಸೇರಿದರೆ 40 ಸಾವಿರ ದಾಟುತ್ತದೆ. ಒಂದು ವರ್ಷ ಕಡಿಮೆಯಾದರೆ ಅದು ನಿಜಕ್ಕೂ ದೊಡ್ಡ ಮೊತ್ತ.

ಆದರೆ ವರ್ಷ ಕಡಿಮೆಯಾಗಬೇಕಾದರೆ ಕ್ರೆಡಿಟ್‌ಗಳು ಬೇಕಾದ ಜಾಗದಲ್ಲಿ ಕೂರಬೇಕು. ಎಂಜಿನಿಯರಿಂಗ್‌ನಲ್ಲಿ ಕೋರ್ಸುಗಳು ಒಂದರ ಹಿಂದೆ ಒಂದು ಸರಪಳಿಯಂತೆ ಇರುತ್ತವೆ. ಹಿಸ್ಟರಿ, ಸೈಕಾಲಜಿ ಕ್ರೆಡಿಟ್ ಎಷ್ಟಿದ್ದರೂ ಆ ಸರಪಳಿ ಗಿಡ್ಡವಾಗುವುದಿಲ್ಲ. ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ಓದುವವರಿಗೆ ಮೂರು ವರ್ಷದಲ್ಲಿ ಮುಗಿಸುವುದು ಸುಲಭ. ಮಗಳು ಎಂಜಿನಿಯರಿಂಗ್‌ಗೆ ತಂದ ಎಪಿ ಕ್ರೆಡಿಟ್‌ಗಳಿಂದ ಒಂದು ಸೆಮಿಸ್ಟರೂ ಕಡಿಮೆಯಾಗಲಿಲ್ಲ. ಆದರೆ ಕೊನೆಯ ವರ್ಷ ವಾರಕ್ಕೆ ಎರಡು ದಿನ ಲ್ಯಾಬ್‌ನಲ್ಲಿ ಕೆಲಸ ಮಾಡುವಷ್ಟು ಬಿಡುವು ಸಿಕ್ಕಿತು. ಅವಳಿಗೆ ಬೇಕಾಗಿದ್ದದ್ದೂ ಅದೇ.

ಕ್ರೆಡಿಟ್ ಸಿಕ್ಕಿದೆ ಎಂದ ಮಾತ್ರಕ್ಕೆ ಕೋರ್ಸ್ ಬಿಡಲೇಬೇಕೆಂದಿಲ್ಲ. ಮೇಜರ್‌ನ ಅಡಿಪಾಯದ ವಿಷಯದಲ್ಲಿ ಬಂದದ್ದು 3 ಅಥವಾ ತಿಣುಕಿ ಬಂದ 4 ಆದರೆ ಕಾಲೇಜಿನಲ್ಲಿ ಮತ್ತೆ ಓದಲಿ. ಅಡಿಪಾಯ ಅಲುಗಾಡುತ್ತಿರುವಾಗ ಮುಂದಿನ ಗಣಿತಕ್ಕೆ ಹೋಗಿ ಕುಸಿದ ಮಕ್ಕಳನ್ನು ನೋಡಿದ್ದೇನೆ. ಇಂಗ್ಲಿಷ್, ಇತಿಹಾಸದಂಥ ಸಾಮಾನ್ಯ ಅಗತ್ಯಗಳಿಗೆ ಕ್ರೆಡಿಟ್ ಧಾರಾಳವಾಗಿ ಬಳಸಿ. ಒಂದೇ ವಿಷಯವನ್ನು ಎಪಿಯಲ್ಲೂ ಕಮ್ಯುನಿಟಿ ಕಾಲೇಜಿನಲ್ಲೂ ಮಾಡಿದರೆ ಕ್ರೆಡಿಟ್ ಒಂದೇ ಸಲ ಸಿಗುತ್ತದೆ ಎನ್ನುವುದೂ ನೆನಪಿರಲಿ.

ಯಾರಿಗೆ ಯಾವುದು?

ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ, ಬಜೆಟ್ ಬಿಗಿ, ಮಕ್ಕಳು ಶಿಸ್ತಿನಿಂದ ಓದುವವರು: ಕಮ್ಯುನಿಟಿ ಕಾಲೇಜ್ ಮುಖ್ಯವಾಗಿರಲಿ, ಜೊತೆಗೆ ಎರಡು ಮೂರು ಎಪಿ.

ಎಲ್ಲಿಗೆ ಹೋಗುತ್ತಾರೋ ಗೊತ್ತಿಲ್ಲ, ಹೊರ ರಾಜ್ಯವೂ ಇರಬಹುದು: ಎಪಿ. ಇಷ್ಟವಾದ ವಿಷಯಗಳಲ್ಲಿ ಮಾತ್ರ.

ಗ್ರೇಡ್ ಇನ್ನೂ ಏರುಪೇರಾಗುತ್ತಿದೆ, ಗಡುವು ಮರೆಯುತ್ತಾರೆ: ಈ ವರ್ಷ ಕಾಲೇಜ್ ಕೋರ್ಸ್ ಬೇಡ. ಒಂದು ಎಪಿಯಿಂದ ಶುರುಮಾಡಿ. ಪರೀಕ್ಷೆ ಕೆಟ್ಟರೂ ಆ ಅಂಕ ಮುಂದಕ್ಕೆ ಅಂಟಿಕೊಂಡು ಬರುವುದಿಲ್ಲ.

ಪರೀಕ್ಷೆ ಎಂದರೆ ಕೈ ನಡುಗುತ್ತದೆ, ಆದರೆ ಹೋಮ್‌ವರ್ಕ್ ಒಂದೂ ತಪ್ಪಿಸುವುದಿಲ್ಲ: ಡ್ಯುಯಲ್ ಎನ್‌ರೋಲ್‌ಮೆಂಟ್. ಮೊದಲ ಕೋರ್ಸ್ ಬೇಸಿಗೆಯಲ್ಲಿ ಬೇಡ, ಪೂರ್ತಿ ಸೆಮಿಸ್ಟರ್‌ನಲ್ಲಿ ತೆಗೆದುಕೊಳ್ಳಲಿ. ಊರಿಗೆ ಹೋಗುವ ಟಿಕೆಟ್ ಇದ್ದರೆ ಬೇಡವೇ ಬೇಡ.

ಹತ್ತಿರದ ಸ್ಕೂಲಿನಲ್ಲೇ ಐಬಿ ಇದೆ, ಓದುವ ಬರೆಯುವ ಹುಚ್ಚಿದೆ: ಐಬಿ. ಅದಕ್ಕೋಸ್ಕರ ಮನೆ ಬದಲಾಯಿಸುವ ಅಗತ್ಯ ನನಗೆ ಕಂಡಿಲ್ಲ.

ಇನ್ನು ದಿನಾಂಕಗಳು. ಮೇ ತಿಂಗಳ ಎಪಿ ಪರೀಕ್ಷೆಗೆ ನೋಂದಣಿ ಹಿಂದಿನ ನವೆಂಬರ್ ಮಧ್ಯಕ್ಕೇ ಮುಗಿಯುತ್ತದೆ, ತಡವಾದರೆ ದಂಡ. ಕಮ್ಯುನಿಟಿ ಕಾಲೇಜಿನ ಫಾರ್ಮ್‌ಗೆ ಹೈಸ್ಕೂಲ್ ಕಡೆಯಿಂದ ಮತ್ತು ನಿಮ್ಮಿಂದ ಸಹಿ ಬೇಕು. ಬೇಸಿಗೆ ರಜೆ ಶುರುವಾದ ಮೇಲೆ ಕೌನ್ಸೆಲರ್ ಸಿಗುವುದಿಲ್ಲ. ಅದಕ್ಕೇ ಶರತ್ಕಾಲದ ಕೋರ್ಸ್ ಬೇಕಾದರೂ ಏಪ್ರಿಲ್, ಮೇ ಒಳಗೆ ಸಹಿ ಹಾಕಿಸಿಕೊಳ್ಳಿ. ಕೋರ್ಸ್ ಶುರುವಾದ ದಿನವೇ, ಗ್ರೇಡ್ ಇಲ್ಲದೆ ಬಿಡುವ ಕೊನೆಯ ದಿನಾಂಕ ನೋಡಿ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡಿ. ನಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ಈಗ ಹಾಗೇ ಬರೆದಿರುತ್ತೇವೆ.